ಪಾಸ್‌ಪೋರ್ಟ್ ಕೇಳದ ಅನುದಾನ

ಧಾರವಾಡದಲ್ಲಿ ಜೀವರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆದೆ. ಸಂಬಳ ಅಷ್ಟಕ್ಕಷ್ಟೇ, ಆದರೆ ಯೀಸ್ಟ್ ಕೆಲಸ ಕೈಗೆ ಹತ್ತಿತು. ಅಮೆರಿಕದಲ್ಲಿ ಪಿಎಚ್.ಡಿ. ಪ್ರವೇಶ ಸಿಕ್ಕಿದ್ದು ಅಂಕಪಟ್ಟಿಗಿಂತ ಹೆಚ್ಚಾಗಿ ಆ ಪಳಗಿದ ಕೈಯಿಂದ. ಜೀವವಿಜ್ಞಾನದಲ್ಲಿ ಶುಲ್ಕವನ್ನೂ ಜೀವನವೇತನವನ್ನೂ ಅಲ್ಲಿನ ವಿಶ್ವವಿದ್ಯಾಲಯಗಳೇ ಸಾಮಾನ್ಯವಾಗಿ ಕೊಡುವುದರಿಂದ ಮನೆ ಅಡವಿಡುವ ಪ್ರಮೇಯ ಬರಲಿಲ್ಲ.

ತೊಡಕು ಬೇರೆ ಕಡೆ ಇತ್ತು. ಸಹಪಾಠಿಗಳು ಅಮೆರಿಕ ಸರ್ಕಾರದ ವಿಜ್ಞಾನ ಪ್ರತಿಷ್ಠಾನವಾದ ಎನ್‌ಎಸ್‌ಎಫ್‌ನ ಫೆಲೋಶಿಪ್‌ಗೆ, ಅಲ್ಲಿನ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಕೊಡುವ ಎಫ್31ಕ್ಕೆ ಅರ್ಜಿ ಬರೆಯುತ್ತಿದ್ದರು. ಎರಡೂ ಅಲ್ಲಿನ ಪೌರರಿಗೆ, ಕಾಯಂ ನಿವಾಸಿಗಳಿಗೆ ಮೀಸಲು. ಆಗಿನಿಂದ ಯಾವ ಅನುದಾನದ ಪ್ರಕಟಣೆ ಕಂಡರೂ ನಾನು ಮೊದಲು ಓದುತ್ತಿದ್ದುದು ಅರ್ಹತೆಯ ಸಾಲನ್ನು. ಹಾಗೆ ಕಣ್ಣಿಗೆ ಬಿದ್ದದ್ದು ಎನ್‌ಐಎಚ್‌ನ ಕೆ99/ಆರ್00, ಪೋಸ್ಟ್‌ಡಾಕ್‌ನಿಂದ (ಪಿಎಚ್.ಡಿ. ನಂತರದ ಸಂಶೋಧನಾ ತರಬೇತಿ) ಸ್ವಂತ ಪ್ರಯೋಗಾಲಯಕ್ಕೆ ದಾಟಿಸುವ ಅನುದಾನ. ಅದಕ್ಕೆ ಪೌರತ್ವ ಬೇಕಿಲ್ಲ. ಮೊದಲ ಹಂತ ಮಾರ್ಗದರ್ಶಕರ ಬಳಿ ಗರಿಷ್ಠ 2 ವರ್ಷ, ನಂತರ ಸ್ವಂತ ಪ್ರಯೋಗಾಲಯದಲ್ಲಿ 3 ವರ್ಷದವರೆಗೆ ಹಣ. ಪೋಸ್ಟ್‌ಡಾಕ್ ಅನುಭವ 4 ವರ್ಷ ಮೀರುವುದರೊಳಗೆ ಅರ್ಜಿ ಹಾಕಬೇಕು.

ವೀಸಾ ವಿಷಯದಲ್ಲಿ ಮಾತ್ರ ಹಟ ಹಿಡಿದೆ. ಪೋಸ್ಟ್‌ಡಾಕ್‌ಗೆ ಕರೆದ ವಿಶ್ವವಿದ್ಯಾಲಯದವರು ಜೆ-1, ಅಂದರೆ ವಿನಿಮಯ ಸಂದರ್ಶಕರ ವೀಸಾ, ಕೊಡುತ್ತೇವೆ ಎಂದರು. ಆಗ ನಮ್ಮಂಥ ಅನೇಕರಿಗೆ ಅದರ ಜೊತೆಗೆ 2 ವರ್ಷ ತಾಯ್ನಾಡಿನಲ್ಲಿ ಕಳೆಯಬೇಕೆಂಬ ಷರತ್ತು ಅಂಟಿಕೊಳ್ಳುತ್ತಿತ್ತು. ವಿಶ್ವವಿದ್ಯಾಲಯಗಳ ಮೂಲಕ ಸಿಗುವ ಉದ್ಯೋಗ ವೀಸಾ ಎಚ್-1ಬಿಗೆ ಲಾಟರಿ ಇಲ್ಲ, ಅದನ್ನೇ ಕೊಡಿ ಎಂದು ಪಟ್ಟು ಹಿಡಿದು ಪಡೆದೆ.

ಅಧ್ಯಾಪಕ ಹುದ್ದೆಯ ಸಂದರ್ಶನದಲ್ಲಿ ನಿಜವಾದ ಪರೀಕ್ಷೆ ಚಾಕ್ ಟಾಕ್, ಅಂದರೆ ಮುಂದೆ ಮಾಡಲಿರುವ ಸಂಶೋಧನೆಯನ್ನು ಬೋರ್ಡಿನ ಮೇಲೆ ಬರೆದು ವಿವರಿಸುವುದು. ಸ್ಲೈಡ್ ಇಲ್ಲ, ಮುಚ್ಚಿದ ಕೋಣೆ, ಬಿಳಿ ಬೋರ್ಡು, ಮಾರ್ಕರ್, ಸುತ್ತ ಪ್ರಾಧ್ಯಾಪಕರು. ಮೊದಲ ವಾಕ್ಯ ಮುಗಿಯುವ ಮುನ್ನವೇ ಒಬ್ಬರು ತಡೆದರು: “ಇದು ನಿಮ್ಮ ಗುರುಗಳ ಕೆಲಸವೇ ಅಲ್ಲವೇ?” ಆ ಪ್ರಶ್ನೆ ಬಂದೇ ಬರುತ್ತದೆಂದು ಗೊತ್ತಿತ್ತು. ಯಾವ ಯೀಸ್ಟ್ ತಳಿಗಳು ನನ್ನೊಡನೆ ಬರುತ್ತವೆ, ಯಾವ ಪ್ರಶ್ನೆಗೆ ಅವರು ಕೈಹಾಕುವುದಿಲ್ಲ ಎಂಬುದನ್ನು ಗುರುಗಳಿಂದ ಮೊದಲೇ ಬರಹದಲ್ಲಿ ಪಡೆದಿದ್ದೆ. ಬೋರ್ಡಿನ ನಡುವೆ ಗೆರೆ ಎಳೆದು ಅವರದು ಎಡಕ್ಕೆ, ನನ್ನದು ಬಲಕ್ಕೆ ಬರೆದೆ. ಆಮೇಲಿನ ಒಂದು ಗಂಟೆ ಚರ್ಚೆ ಬಲಗಡೆಯದೇ.

ಈಗ ಭಾರತದಿಂದ ನನಗೂ ಪ್ರಯೋಗಾಲಯದಲ್ಲಿ ಅವಕಾಶ ಕೇಳುವ ವಿದ್ಯಾರ್ಥಿಗಳ ಪತ್ರಗಳು ಬರುತ್ತವೆ. ನಾನು ಹೆಂಗಸೆಂಬುದನ್ನೂ ನೋಡದೆ “ರೆಸ್ಪೆಕ್ಟೆಡ್ ಸರ್” ಎಂದು ಶುರುವಾಗುವವೇ ಹೆಚ್ಚು. ಆದರೂ ಓದುತ್ತೇನೆ. ತಮ್ಮ ಯಾವ ಪ್ರಯೋಗ ಕೈಕೊಟ್ಟಿತು, ಏಕೆ ಎಂದು ಬರೆದವರಿಗೆ ಅಂದೇ ಉತ್ತರಿಸುತ್ತೇನೆ.