ಮಲೆನಾಡಿನ ಹಳೆಯ ರೇಡಿಯೋಗ್ರಾಂ: ಕೆಟ್ಟ ಸ್ಪೀಕರ್‌ನ ದುರಸ್ತಿ ಮತ್ತು ಬದಲಾವಣೆ

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯ ಹಳೆಯ ಮನೆಗಳಲ್ಲಿ, ರೇಡಿಯೋ ಮತ್ತು ರೆಕಾರ್ಡ್ ಪ್ಲೇಯರ್ ಎರಡನ್ನೂ ಒಂದೇ ಮರದ ಪೆಟ್ಟಿಗೆಯಲ್ಲಿ ಕೂಡಿಸಿದ ರೇಡಿಯೋಗ್ರಾಂಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಅವುಗಳ ದನಿ ಒಡೆದಾಗ ಅಥವಾ ನಿಂತೇಹೋದಾಗ, ಸ್ಪೀಕರ್ ಸುಟ್ಟಿದೆ ಎಂದು ತೀರ್ಮಾನಿಸಿ ಹೊಸದನ್ನು ಹಾಕಿಸುವುದು ವಾಡಿಕೆ. ಆದರೆ ಮಲೆನಾಡಿನಲ್ಲಿ ಸ್ಪೀಕರ್ ಸುಡುವುದಕ್ಕಿಂತ ಥಂಡಿಯಿಂದ ಕೆಡುವುದೇ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಅದುರಿ ದನಿ ಹೊರಡಿಸುವ ಕಾಗದದ ಕೋನ್ ತೇವ ಹೀರಿ ಮೆತ್ತಗಾಗುತ್ತದೆ, ಅಯಸ್ಕಾಂತದ ಸಂದಿನಲ್ಲಿ ತುಕ್ಕು ಏಳುತ್ತದೆ, ತಾಮ್ರದ ತಂತಿಯ ಬೆಸುಗೆಯ ಮೇಲೆ ಹಸಿರು ಕಿಲುಬು ಕಟ್ಟುತ್ತದೆ. ಈ ಮೂರೂ ಬಹುಮಟ್ಟಿಗೆ ಸರಿಪಡಿಸಬಹುದಾದ ದೋಷಗಳು. ಮೂಲ ಸ್ಪೀಕರ್ ಆ ಪೆಟ್ಟಿಗೆಗೂ ಸ್ಪೀಕರಿಗೆ ಸಂಕೇತ ಹೊಂದಿಸಿ ಕೊಡುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೂ ಹೊಂದುವಂತೆಯೇ ಆಯ್ಕೆಯಾದದ್ದರಿಂದ, ಅದನ್ನು ಬದಲಿಸುವ ಯೋಚನೆ ಕೊನೆಯದಾಗಿರಬೇಕು.

ಮೊದಲು ಜೀವದ ಮಾತು. ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್‌ಗಳಿರುವ ಸೆಟ್‌ಗಳ ಒಳಗೆ 200ರಿಂದ 300 ವೋಲ್ಟ್ ಡಿ.ಸಿ. ಇರುತ್ತದೆ, ಮತ್ತು ಪ್ಲಗ್ ಕಿತ್ತ ಮೇಲೂ ಅದು ಫಿಲ್ಟರ್ ಕಂಡೆನ್ಸರ್‌ಗಳಲ್ಲಿ (ವಿದ್ಯುತ್ ಹಿಡಿದಿಡುವ ಕೆಪಾಸಿಟರ್‌ಗಳಲ್ಲಿ) ಉಳಿದಿರಬಹುದು. ಪ್ಲಗ್ ಕಿತ್ತು ಕೆಲವು ನಿಮಿಷ ಕಾದು, 10 ಕಿಲೋ ಓಮ್, 5 ವ್ಯಾಟ್‌ನ ರೆಸಿಸ್ಟರ್ ಒಂದನ್ನು ಇನ್ಸುಲೇಷನ್ ಇರುವ ಕಡ್ಡಿಯ ತುದಿಗೆ ಕಟ್ಟಿ ಅದರ ಮೂಲಕ ಕಂಡೆನ್ಸರ್ ಖಾಲಿ ಮಾಡಬೇಕು. ಖಾಲಿಯಾಗಿದೆಯೆಂದು ಮಲ್ಟಿಮೀಟರ್ ಇಟ್ಟು ನೋಡಿದ ಬಳಿಕವೇ ಕೈ ಹಾಕಬೇಕು. ಯು.ಸಿ.ಎಲ್. 82, ಯು.ಎಲ್. 84ರಂಥ ವಾಲ್ವ್‌ಗಳಿರುವ ಎ.ಸಿ.-ಡಿ.ಸಿ. ಸೆಟ್‌ಗಳಲ್ಲಿ ಷಾಸಿಗೇ (ಒಳಗಿನ ಲೋಹದ ಚೌಕಟ್ಟಿಗೇ) ನೇರವಾಗಿ ಮನೆಯ ಕರೆಂಟ್ ಬರುವ ಸಂಭವವಿದೆ. ಅಂಥ ಸೆಟ್ಟಿಗೆ ಮೊಬೈಲ್ ಜೋಡಿಸಿ ಪರೀಕ್ಷಿಸುವ ಸಾಹಸ ಬೇಡ.

ಎರಡನೆಯ ಹೆಜ್ಜೆ, ದೋಷ ನಿಜಕ್ಕೂ ಸ್ಪೀಕರಿನದೇ ಎಂದು ಖಚಿತಪಡಿಸಿಕೊಳ್ಳುವುದು. ಕರೆಂಟ್ ತೆಗೆದಿರುವಾಗ ಹಳೆಯ ಸ್ಪೀಕರಿನ ತಂತಿಗಳನ್ನು ಬಿಡಿಸಿ, ಚೆನ್ನಾಗಿದೆಯೆಂದು ಗೊತ್ತಿರುವ 4 ಓಮ್‌ನ ಸ್ಪೀಕರ್ ಒಂದನ್ನು ಅದೇ ಜಾಗಕ್ಕೆ ಜೋಡಿಸಿ ಕೇಳಬೇಕು (ಮುಂದೆ ಹೇಳುವ 800 ಓಮ್ ಮತ್ತು ಫೀಲ್ಡ್ ಕಾಯಿಲ್ ಸ್ಪೀಕರಿನ ಸೆಟ್‌ಗಳಿಗೆ ಇದು ಸಲ್ಲದು). ಸ್ಪೀಕರೇ ಇಲ್ಲದೆ ವಾಲ್ವ್ ಸೆಟ್ ಹಾಕಿ ದನಿ ಏರಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಒಳಸುತ್ತಿನಲ್ಲಿ ವೋಲ್ಟೇಜ್ ವಿಪರೀತ ಏರಿ ಇನ್ಸುಲೇಷನ್ ಒಡೆಯುವ ಅಪಾಯವಿದೆ. ಹಾಸನ ಆಕಾಶವಾಣಿಯ ಪ್ರಸಾರ ಎಫ್.ಎಂ.ನಲ್ಲಿರುವುದರಿಂದ ಮೀಡಿಯಂ ವೇವ್ ಮತ್ತು ಶಾರ್ಟ್ ವೇವ್ ಮಾತ್ರ ಇರುವ ಸೆಟ್‌ನಲ್ಲಿ ಅದು ಸಿಗದು. ದನಿ ಪರೀಕ್ಷಿಸಲು ಮೀಡಿಯಂ ವೇವ್‌ನಲ್ಲಿ 675 ಕಿಲೋಹರ್ಟ್ಸ್‌ನ ಭದ್ರಾವತಿಯನ್ನೋ 612ರ ಬೆಂಗಳೂರನ್ನೋ ಹಿಡಿದು ನೋಡಬೇಕು. ಪರೀಕ್ಷೆಯ ಸ್ಪೀಕರಿನಲ್ಲೂ ದನಿ ಒಡೆದೇ ಬಂದರೆ, ಔಟ್‌ಪುಟ್ ವಾಲ್ವ್‌ನ ಗ್ರಿಡ್‌ಗೆ ಹೋಗುವ ಕಪ್ಲಿಂಗ್ ಕಂಡೆನ್ಸರ್ ಕರೆಂಟ್ ಸೋರಗೊಡುತ್ತಿರುವ ಸಾಧ್ಯತೆ ದೊಡ್ಡದು. ರೇಡಿಯೋ ಸ್ವಚ್ಛವಾಗಿದ್ದು ರೆಕಾರ್ಡ್ ಮಾತ್ರ ಕೀರಲಾಗಿ ಕೇಳಿದರೆ ಕ್ರಿಸ್ಟಲ್ ಪಿಕಪ್‌ನ (ಸೂಜಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗದ) ಮೇಲೆ ಸಂಶಯಪಡಬೇಕು. ಅದರೊಳಗಿನ ರಾಷೆಲ್ ಲವಣದ ಹರಳು ತೇವಕ್ಕೆ ಕರಗುವ ಸ್ವಭಾವದ್ದು. ನಮ್ಮ ಹವೆಗೆ ಅದಕ್ಕಿಂತ ಒಗ್ಗದ ವಸ್ತು ಈ ಪೆಟ್ಟಿಗೆಯಲ್ಲಿ ಇನ್ನೊಂದಿಲ್ಲ.

ಸ್ಪೀಕರ್ ಬಿಚ್ಚುವ ಮೊದಲು ತಂತಿಗಳ ಬಣ್ಣ ಮತ್ತು ಜಾಗ ಕಾಣುವಂತೆ ಫೋಟೋ ತೆಗೆದಿಟ್ಟುಕೊಳ್ಳಬೇಕು. ತುಕ್ಕು ಹಿಡಿದ ನಟ್ಟುಗಳಿಗೆ ಹನಿ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಬಹುದು, ಆದರೆ ಎಣ್ಣೆ ಕೋನ್‌ಗೆ ತಾಗಕೂಡದು. ಬಿಚ್ಚುವಾಗ ಕೋನ್ ಮತ್ತು ಕೈಯ ನಡುವೆ ದಪ್ಪ ರಟ್ಟೊಂದನ್ನು ಹಿಡಿದಿರುವುದು ಕಡ್ಡಾಯವೆಂದೇ ಹೇಳುತ್ತೇನೆ, ಏಕೆಂದರೆ ಅಯಸ್ಕಾಂತವು ಸ್ಕ್ರೂಡ್ರೈವರನ್ನು ಸೆಳೆದುಕೊಂಡು ಕೋನ್ ಹರಿಯುವುದು ಈ ಕೆಲಸದ ಅತಿ ಸಾಮಾನ್ಯ ಅನಾಹುತ. ಮುಂಭಾಗದ ಜಾಲರಿ ಬಟ್ಟೆಯನ್ನು ತೊಳೆಯದೆ, ಮೆತ್ತನೆಯ ಬ್ರಷ್‌ನಿಂದ ಧೂಳು ಕೊಡವಿದರೆ ಸಾಕು.

ಮೀಟರ್ ಅಳತೆಯನ್ನು ತಂತಿ ಬಿಡಿಸಿಯೇ ತೆಗೆದುಕೊಳ್ಳಬೇಕು. ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ ಸುತ್ತಿನ ರೋಧ ಒಂದು ಓಮ್‌ಗಿಂತ ಕಡಿಮೆ ಇರುವುದರಿಂದ, ಅದು ಜೋಡಿಸಿಯೇ ಇದ್ದರೆ ತುಂಡಾದ ವಾಯ್ಸ್ ಕಾಯಿಲ್ (ಕೋನ್‌ಗೆ ಅಂಟಿಕೊಂಡು ಅಯಸ್ಕಾಂತದ ಸಂದಿನಲ್ಲಿ ಆಡುವ ತಂತಿ ಸುರುಳಿ) ಕೂಡ ಸರಿಯಿದ್ದಂತೆ ತೋರುತ್ತದೆ. 3 ಓಮ್‌ನ ಸ್ಪೀಕರ್ ಮೀಟರಿನಲ್ಲಿ ಸುಮಾರು 2.5, 5 ಓಮ್‌ನದು ಸುಮಾರು 4, 8 ಓಮ್‌ನದು 6ರಿಂದ 7 ತೋರಿಸಬೇಕು. ಇದಕ್ಕೆ ಎರಡು ಅಪವಾದಗಳಿವೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಎರಡು ಇ.ಎಲ್. 86 ವಾಲ್ವ್‌ಗಳಿಂದ ನಡೆಯುವ ಫಿಲಿಪ್ಸ್ ಸೆಟ್‌ಗಳಲ್ಲಿ 800 ಓಮ್‌ನ ಸ್ಪೀಕರ್ ಇರುತ್ತದೆ. ಮೀಟರ್ ನೂರಾರು ಓಮ್ ತೋರಿಸಿತೆಂದು ಅದನ್ನು ಎಸೆದವರು ಅದಕ್ಕೆ ಜೋಡಿ ಹುಡುಕಿ ಸುಸ್ತಾಗುತ್ತಾರೆ. ಇನ್ನು ಬಹಳ ಹಳೆಯ ಸೆಟ್‌ಗಳ ಸ್ಪೀಕರಿನಲ್ಲಿ ಕಾಯಂ ಅಯಸ್ಕಾಂತದ ಬದಲು ಫೀಲ್ಡ್ ಕಾಯಿಲ್ (ಕರೆಂಟ್ ಹರಿದಾಗ ಅಯಸ್ಕಾಂತವಾಗುವ ಸುರುಳಿ) ಇರುತ್ತದೆ. ಹೈ ವೋಲ್ಟೇಜ್ ಅದರ ಮೂಲಕವೇ ಹಾಯುತ್ತದೆ, ಮತ್ತು ಚೋಕ್‌ನ (ಕರೆಂಟಿನ ಏರಿಳಿತ ತಡೆಯುವ ಸುರುಳಿಯ) ಕೆಲಸವನ್ನೂ ಅದೇ ಮಾಡುತ್ತದೆ. ಅದನ್ನು ತೆಗೆದು ಸಾಮಾನ್ಯ ಸ್ಪೀಕರ್ ಹಾಕುವುದಾದರೆ, ಅಷ್ಟೇ ರೋಧದ ಚೋಕ್ ಹಾಗೂ ರೆಸಿಸ್ಟರನ್ನು ಬೇರೆಯಾಗಿ ಅಳವಡಿಸಬೇಕಾಗುತ್ತದೆ. ಆ ಕೆಲಸವನ್ನು ಅನುಭವಸ್ಥ ರೇಡಿಯೋ ಮೆಕ್ಯಾನಿಕ್ ಒಬ್ಬರಿಗೆ ಬಿಡುವುದು ಕ್ಷೇಮ.

ಮೀಟರ್ ಏನನ್ನೂ ತೋರಿಸದಿದ್ದರೂ ನಿರಾಶರಾಗಬೇಕಿಲ್ಲ. ಟರ್ಮಿನಲ್‌ನಿಂದ ಕೋನ್‌ಗೆ ಹೋಗುವ ಹೆಣೆದ ಮೆತ್ತನೆಯ ತಂತಿ ಬಾಗಿ ಬಾಗಿ ತುಂಡಾಗಿರಬಹುದು. ಕೋನ್ ಮೇಲಿನ ಬೆಸುಗೆಯ ಬೊಟ್ಟುಗಳಿಗೇ ಮೀಟರಿನ ಮುಳ್ಳು ಇಟ್ಟಾಗ ಅಳತೆ ಬಂದರೆ ಕಾಯಿಲ್ ಸರಿಯಿದೆ, ತಂತಿಯನ್ನಷ್ಟೇ ಬದಲಿಸಿದರಾಯಿತು. ಅಲ್ಲಿಯೂ ಬಾರದಿದ್ದರೆ ಬೊಟ್ಟಿನ ಮೇಲಿನ ಅಂಟನ್ನು ಬ್ಲೇಡಿನಿಂದ ನವಿರಾಗಿ ಕೆರೆದು ನೋಡಬೇಕು. ಕಾಯಿಲ್‌ನ ಕೂದಲಿನಷ್ಟು ತೆಳುವಾದ ತಂತಿ ಬೆಸುಗೆ ಸೇರುವ ಕಡೆಯೇ ಕಿಲುಬು ಕಟ್ಟಿ ಕಡಿದಿರುವುದುಂಟು. ಅಲ್ಲಿ ಮಿಲಿಮೀಟರಿನಷ್ಟು ತಂತಿ ಸಿಕ್ಕರೂ ಶುಚಿಗೊಳಿಸಿ ಮರಳಿ ಬೆಸೆಯಬಹುದು. ಒಳಗೇ ಕಡಿದಿದ್ದರೆ ಹೊಸ ಕಾಯಿಲ್ ಸುತ್ತಿಸಬೇಕು.

ಕರಕರ ಸದ್ದಿನ ಕಾರಣ ಬೇರೆ. ಎರಡೂ ಕೈಬೆರಳುಗಳಿಂದ ಕೋನ್‌ನ್ನು ಸಮವಾಗಿ ಒತ್ತಿ ಬಿಟ್ಟಾಗ ಉಜ್ಜುವ ಸದ್ದು ಬಂದರೆ ಕಾಯಿಲ್ ಸಂದಿನ ಗೋಡೆಗೆ ತಾಗುತ್ತಿದೆಯೆಂದರ್ಥ. ಎಷ್ಟೋ ವರ್ಷ ಒಂದೇ ಭಂಗಿಯಲ್ಲಿ ನಿಂತ ಕೋನ್ ತನ್ನ ಭಾರಕ್ಕೆ ಜಗ್ಗಿರುತ್ತದೆ. ಸ್ಪೀಕರನ್ನು ಮೇಲುಕೆಳಗಾಗಿ ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಅದು ಕ್ರಮೇಣ ನೆಟ್ಟಗಾಗುವುದನ್ನು ಕಾಣಬಹುದು. ಕಾಸು ಖರ್ಚಿಲ್ಲದ ಈ ಉಪಾಯವನ್ನು ಎಲ್ಲಕ್ಕಿಂತ ಮೊದಲು ಮಾಡಿ ನೋಡಬೇಕು. ಸಂದಿನಲ್ಲಿ ತುಕ್ಕಿನ ಪುಡಿ ಕುಳಿತಿದ್ದರೆ ನಡುವಿನ ಧೂಳುಮುಚ್ಚಳವನ್ನು ಅಂಚಿನಿಂದ ಬಿಡಿಸಿ, ಕಿರಿದಾದ ರಟ್ಟಿನ ಪಟ್ಟಿಗೆ ಅಂಟುಟೇಪ್ ಸುತ್ತಿ ಸಂದಿನಲ್ಲಿ ಆಡಿಸಿ ಪುಡಿಯನ್ನು ಎತ್ತಬೇಕು. ಊದಿದರೆ ಅಯಸ್ಕಾಂತ ಹಿಡಿದ ಪುಡಿ ಕದಲದು. ನಡುವೆ ಸ್ಕ್ರೂ ಇರುವ ಹಳೆಯ ಮಾದರಿಯಾದರೆ ಸ್ಕ್ರೂ ಸಡಿಲಿಸಿ, ಕಾಯಿಲ್‌ನ ಒಳಗೆ ಮೂರು ನಾಲ್ಕು ಕಡೆ ತೆಳು ಫಿಲ್ಮ್‌ನ ಪಟ್ಟಿ ತೂರಿಸಿ ಮಧ್ಯಕ್ಕೆ ತಂದು ಮತ್ತೆ ಬಿಗಿ ಮಾಡಬಹುದು.

ಹರಿದ ಕೋನ್‌ಗೆ ಗಾಳಿಪಟದ ತೆಳು ಕಾಗದ ಒಳ್ಳೆಯದು. ಕೈಯಿಂದ ಹರಿದು ಅಂಚು ತೆಳ್ಳಗೆ ಮಾಡಿದ ತುಣುಕನ್ನು, ನೀರು ಬೆರೆಸಿದ ಫೆವಿಕಾಲ್‌ನಿಂದ ಬಿರುಕಿನ ಹಿಂಬದಿಗೆ ಅಂಟಿಸಬೇಕು. ಅದಕ್ಕೆ ಕಾಫಿ ಸೋಸುವ ಪೇಪರ್ ಫಿಲ್ಟರ್ ಬಳಸಬೇಕೆಂದು ಕೆಲವರು ಹೇಳುವುದುಂಟು, ಆದರೆ ಕಾಫಿ ಬೆಳೆಯುವ ನಮ್ಮ ಜಿಲ್ಲೆಗಳ ಮನೆಗಳಲ್ಲಿ ಇರುವುದು ಹಿತ್ತಾಳೆಯ ಅಥವಾ ಸ್ಟೀಲಿನ ಫಿಲ್ಟರ್. ಅಂಟು ಹೆಚ್ಚಾದರೆ ಕೋನ್ ಭಾರವಾಗಿ ದನಿ ಮಂಕಾಗುತ್ತದೆ; ಅಂಚಿನ ಮಡಿಕೆಗಳ ಮೇಲಂತೂ ಗಟ್ಟಿಯಾಗುವ ಅಂಟು ಸಲ್ಲದು. ಕಾಫಿ ಕೊಯ್ಲಿನ ಒಣ ಹವೆಯಲ್ಲಿ, ಅಂದರೆ ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಈ ಕೆಲಸ ಮಾಡಿದರೆ ಅಂಟು ಚೆನ್ನಾಗಿ ಕೂರುತ್ತದೆ.

ಬದಲಿಸುವುದು ಅನಿವಾರ್ಯವಾದರೆ ಅಗಲ, ಆಳ, ತೂತುಗಳ ಅಂತರ ಮತ್ತು ಓಮ್ ಇಷ್ಟನ್ನೂ ಬರೆದುಕೊಂಡು ಹೊರಡಬೇಕು. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಬಹುದು. ವ್ಯಾಟ್ ದೊಡ್ಡದಿದ್ದಷ್ಟೂ ಒಳ್ಳೆಯದೆಂಬ ಅಂಗಡಿಯ ಮಾತಿಗೆ ಮರುಳಾಗಬಾರದು. ಒಂದೇ ಇ.ಎಲ್. 84 ವಾಲ್ವ್ ಕೊಡುವುದು 4ರಿಂದ 5 ವ್ಯಾಟ್ ಮಾತ್ರ, ಅದಕ್ಕೆ ಹಗುರ ಕೋನ್‌ನ, ಸೆನ್ಸಿಟಿವಿಟಿ (ಕಡಿಮೆ ವ್ಯಾಟ್‌ಗೆ ಹೆಚ್ಚು ದನಿ ಕೊಡುವ ಗುಣ) ಹೆಚ್ಚಿರುವ ಸ್ಪೀಕರ್ ಬೇಕು. ಭಾರೀ ಕೋನ್‌ನ ಕಾರ್ ಸ್ಪೀಕರಿನಲ್ಲಿ ಸೆನ್ಸಿಟಿವಿಟಿ 3 ಡೆಸಿಬಲ್ ಕಡಿಮೆಯಿದ್ದರೆ ಅದೇ ದನಿಗೆ ಎರಡರಷ್ಟು ವ್ಯಾಟ್ ಬೇಕಾಗುತ್ತದೆ. 3 ಓಮ್ ಇದ್ದಲ್ಲಿ 4 ಓಮ್ ಹಾಕಿದರೆ ತೊಂದರೆಯಿಲ್ಲ, ಎರಡು ಸ್ಪೀಕರಿಗೆ ಜಾಗವಿದ್ದರೆ 8 ಓಮ್‌ನ ಎರಡನ್ನು ಸಮಾಂತರವಾಗಿ ಜೋಡಿಸಿದರೂ 4 ಆಗುತ್ತದೆ. ಟ್ರಾನ್ಸಿಸ್ಟರ್ ಸೆಟ್‌ಗಳಲ್ಲಿ ಮಾತ್ರ ಮೂಲಕ್ಕಿಂತ ಕಡಿಮೆ ಓಮ್ ಖಂಡಿತ ಕೂಡದು. ತೂತುಗಳು ಹೊಂದದಿದ್ದರೆ ಪ್ಲೈವುಡ್ ಬಳೆಯೊಂದನ್ನು ಕೊಯ್ದು ನಡುವೆ ಕೂರಿಸಬೇಕೇ ಹೊರತು ಹಳೆಯ ಮರಕ್ಕೆ ಹೊಸ ತೂತು ಕೊರೆಯಬಾರದು.

ಸ್ಟೀರಿಯೋ ಸೆಟ್‌ನಲ್ಲಿ ಎರಡೂ ಬದಿಯ ಕೋನ್‌ಗಳು ಒಂದೇ ದಿಕ್ಕಿಗೆ ಚಲಿಸಬೇಕು. 1.5 ವೋಲ್ಟ್ ಸೆಲ್ಲನ್ನು ಕ್ಷಣಮಾತ್ರ ತಾಗಿಸಿ, ಕೋನ್ ಮುಂದಕ್ಕೆ ಬಂದಾಗ ಸೆಲ್‌ನ ಪ್ಲಸ್ ಮುಟ್ಟಿದ್ದ ಟರ್ಮಿನಲ್‌ಗೆ ಕೆಂಪು ಗುರುತು ಹಾಕಿದರಾಯಿತು. ಟ್ವೀಟರ್ (ಎತ್ತರದ ಸ್ವರಗಳ ಸಣ್ಣ ಸ್ಪೀಕರ್) ಇದ್ದರೆ ಅದರೊಂದಿಗೆ ಸರಣಿಯಲ್ಲಿರುವ ಕಂಡೆನ್ಸರನ್ನು, ಅದರ ಮೈಮೇಲೆ ಬರೆದಿರುವ ಮೌಲ್ಯದ ನಾನ್-ಪೋಲಾರ್ (ಪ್ಲಸ್-ಮೈನಸ್ ಭೇದವಿಲ್ಲದ) ಕಂಡೆನ್ಸರಿನಿಂದಲೇ ಬದಲಿಸಬೇಕು.

ಎಲ್ಲವನ್ನೂ ಜೋಡಿಸಿದ ಮೇಲೆ ಮೊದಲು ಸಣ್ಣ ದನಿಯಲ್ಲಿ ತಂಬೂರಿಯ ಶ್ರುತಿ ಚೆನ್ನಾಗಿ ಕೇಳುವ ರೆಕಾರ್ಡನ್ನೂ ಬಳಿಕ ಮೃದಂಗದ ತನಿಯನ್ನೂ ಹಾಕಿ ಕೇಳಬೇಕು. ಕಾಯಿಲ್ ಇನ್ನೂ ಉಜ್ಜುತ್ತಿದ್ದರೆ ಅದು ಶ್ರುತಿಯಲ್ಲಿ ತಿಳಿಯುತ್ತದೆ. ಮೃದಂಗದ ಎಡಬದಿಯ ಗುಂಕಿಗೆ ಮಾತ್ರ ಗರಗರ ಸದ್ದು ಬಂದರೆ, ಸ್ಪೀಕರನ್ನು ಮತ್ತೆ ಬಿಚ್ಚುವ ಮೊದಲು ಪೆಟ್ಟಿಗೆಯ ಹಿಂಬದಿಯ ರಟ್ಟು ಮತ್ತು ಮುಚ್ಚಳದ ಕೀಲುಗಳ ಸ್ಕ್ರೂ ಬಿಗಿ ಮಾಡಿ ನೋಡಬೇಕು.