ಹಿಂದಿನ ದೀಪವನ್ನು ಹಿಂದಿನಿಂದಲೇ ನೋಡಿ ಕೊಂಡೆ

ಸೈಕಲ್ಲಿನ ಹಿಂದಿನ ದೀಪದ ತಮಾಷೆ ಏನೆಂದರೆ, ದುಡ್ಡು ಕೊಟ್ಟವನಿಗೆ ಅದು ಕಾಣುವುದೇ ಇಲ್ಲ. ಕಾಣಬೇಕಾದದ್ದು ಹಿಂದೆ ಬರುವ ಜೀಪಿನವನಿಗೆ. ಆದರೆ ನಾವು ಕೊಳ್ಳುವುದು ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ, ಕೈಯಲ್ಲಿ ಹಿಡಿದು. ಕಣ್ಣಿಗೆ ಹೊಡೆದರೆ ಒಳ್ಳೆಯದು ಅಂತ ಲೆಕ್ಕ. ಹಾಗಾಗಿ ನಾನು ಕೊಳ್ಳುವ ಮೊದಲು ಡ್ರೈವರ್ ಸೀಟಿನ ಪಕ್ಕ ಕೂತು ನೋಡಬೇಕು ಅಂತ ತೀರ್ಮಾನಿಸಿದೆ.

ನನ್ನ ಕೆಲಸ ಚಿಕ್ಕಮಗಳೂರು ಪೇಟೆಯ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಮನೆ ವಸ್ತಾರೆ ಕಡೆ. ಕೊಯ್ಲಿನ ಕಾಲದಲ್ಲಿ ಲೆಕ್ಕಪತ್ರ ಮುಗಿಸಿ ಹೊರಡುವ ಹೊತ್ತಿಗೆ ಕತ್ತಲಾಗಿರುತ್ತದೆ. ಪೇಟೆ ದಾಟಿದರೆ ಬೀದಿದೀಪ ಮುಗಿಯಿತು. ಎರಡೂ ಕಡೆ ತೋಟ, ಮೇಲೆ ಸಿಲ್ವರ್ ಓಕ್ ಮರಗಳು, ತಿರುವಿನ ಮೇಲೆ ತಿರುವು. ಆಳುಗಳನ್ನು ಬಿಡಲು ಹೋಗುವ ಪಿಕಪ್‌ಗಳು, ಬಸ್ಸು, ಶನಿವಾರ ಭಾನುವಾರ ಹೋಂಸ್ಟೇ ಹುಡುಕುತ್ತಾ ಬರುವ ಕಾರುಗಳು. ಜೂನ್ ಬಂದರೆ ಮಳೆ, ಮಂಜು ಬೇರೆ.

ಪಕ್ಕದ ಮನೆಯ ಅಣ್ಣ ಪಿಕಪ್ ಓಡಿಸುತ್ತಾರೆ. ಅವರನ್ನು ಒಪ್ಪಿಸಿದೆ. ಗೆಳೆಯರ ಹತ್ತಿರ ಬೇರೆ ಬೇರೆ ಥರದ ದೀಪಗಳನ್ನು ಒಂದು ಸಂಜೆಗೆ ಕೇಳಿ ತಂದೆ. ನನ್ನ ಸೈಕಲ್ಲನ್ನು ತಮ್ಮನ ಕೈಗೆ ಕೊಟ್ಟು ನಮ್ಮೂರಿನ ಒಳರಸ್ತೆಯ ಅಂಚಿನಲ್ಲಿ ನಿಲ್ಲಿಸಿದೆವು. ಹಿಂದಿನಿಂದ ಪಿಕಪ್ಪಿನಲ್ಲಿ ನಾವು ಬಂದೆವು. ಮಳೆ ಜಿಟಿಜಿಟಿ ಅನ್ನುತ್ತಿತ್ತು, ವೈಪರ್ ಆಡುತ್ತಿತ್ತು. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಸಂಜೆ ಬೇಕಿರಲಿಲ್ಲ.

ಚಪ್ಪಟೆ ಬಟನ್ ಸೆಲ್ ಹಾಕುವ ಪುಟ್ಟ ದೀಪ ಮೊದಲು ಸೋತಿತು. ಎದುರಿನಿಂದ ಒಂದು ಕಾರು ಹೆಡ್‌ಲೈಟ್ ಹಾಕಿಕೊಂಡು ಬಂದದ್ದೇ ತಡ, ಅದು ಮಾಯ. ಒದ್ದೆ ಗಾಜಿನ ಮೇಲೆ ಬೆಳಕು ಚದುರಿದಾಗ ಸಣ್ಣ ಕೆಂಪು ಚುಕ್ಕೆಯನ್ನು ಹುಡುಕುವುದು ಕಷ್ಟ.

ಎರಡನೆಯದು ನೂರು ಲುಮೆನ್ ಅಂತ ಡಬ್ಬಿಯ ಮೇಲೆ ಬರೆದುಕೊಂಡಿದ್ದ ದೀಪ. ನೇರ ಹಿಂದೆ ಬಂದಾಗ ಭರ್ಜರಿ. ರಸ್ತೆ ಸ್ವಲ್ಪ ತಿರುಗಿದರೆ ಅರ್ಧಕ್ಕರ್ಧ ಮಂಕು. ಇದಕ್ಕೆ ಕಾರಣ ಇದೆ. ಲುಮೆನ್ ಅಂದರೆ ದೀಪ ಒಟ್ಟು ಎಷ್ಟು ಬೆಳಕು ಚೆಲ್ಲುತ್ತದೆ ಅನ್ನುವ ಲೆಕ್ಕ. ಒಂದು ದಿಕ್ಕಿನಲ್ಲಿ ಎಷ್ಟು ಹೋಗುತ್ತದೆ ಅನ್ನುವುದಕ್ಕೆ ಕ್ಯಾಂಡೆಲಾ ಅನ್ನುವ ಬೇರೆ ಅಳತೆ. ಮಸೂರ ಬೆಳಕನ್ನು ಕಿರಿದಾಗಿ ಕೂಡಿಸಿದರೆ ಅಷ್ಟೇ ಬೆಳಕು ಒಂದೇ ಕಡೆ ಹೋಗುತ್ತದೆ, ಪಕ್ಕಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ಬಯಲುಸೀಮೆಯ ನೇರ ಹೈವೇಗೆ ಅದು ಸರಿ. ನಮ್ಮ ರಸ್ತೆಯಲ್ಲಿ ಹಿಂದಿನ ಗಾಡಿ ನೇರ ಹಿಂದೆ ಇರುವುದೇ ಕಡಿಮೆ, ಅಲ್ವಾ?

ಮೂರನೆಯದಕ್ಕೆ ಅಷ್ಟು ಪೊಗರಿಲ್ಲ. ಕ್ಯಾರಿಯರ್‌ಗೆ ಬೋಲ್ಟ್ ಮಾಡುವ ಅಗಲ ಪಟ್ಟಿಯ ದೀಪ. ಬೆಳಕು ಇಡೀ ಪಟ್ಟಿಯ ಉದ್ದಕ್ಕೂ ಹರಡಿ, ಪಕ್ಕದಿಂದಲೂ ಕಾಣುತ್ತಿತ್ತು. ಅಣ್ಣ ಅದನ್ನು ನೋಡಿದ ಕೂಡಲೇ ಹೇಳಿದರು: "ಇದಾದ್ರೆ ಎಷ್ಟು ದೂರ ಇದೀಯ ಅಂತ ಗೊತ್ತಾಗ್ತದೆ ಮಾರಾಯ. ಆ ಮಿಣಕ್ ಮಿಣಕ್ ಅನ್ನೋದು ಇದೆ ಅಂತ ಗೊತ್ತಾಗ್ತದೆ, ಎಲ್ಲಿದೆ ಅಂತ ಗೊತ್ತಾಗಲ್ಲ."

ದೀಪ ಮಿನುಗಬೇಕೋ, ಒಂದೇ ಸಮ ಉರಿಯಬೇಕೋ ಅನ್ನುವ ಈ ಮಾತಿನ ಮೇಲೆ ಜಗತ್ತೇ ಎರಡು ಪಾಲಾಗಿದೆ. ಜರ್ಮನಿಯಲ್ಲಿ ಸೈಕಲ್ಲಿಗೆ ಮಿನುಗುವ ದೀಪ ಹಾಕುವ ಹಾಗೇ ಇಲ್ಲ, ಒಂದೇ ಸಮ ಉರಿಯಬೇಕು. ಬ್ರಿಟನ್‌ನಲ್ಲಿ 2005ರಿಂದ ಮಿನುಗುವುದಕ್ಕೂ ಅನುಮತಿ ಇದೆ, ಆದರೆ ನಿಮಿಷಕ್ಕೆ 60ರಿಂದ 240 ಸಲದ ಒಳಗೆ. ಮಿನುಗುವ ದೀಪ ಗಮನ ಸೆಳೆಯುತ್ತದೆ, ಬ್ಯಾಟರಿಯೂ ಜಾಸ್ತಿ ಬಾಳುತ್ತದೆ. ಆದರೆ ಕತ್ತಲಲ್ಲಿ ಅದು ಆರಿದ ಕ್ಷಣದಲ್ಲಿ ಡ್ರೈವರ್ ಕಣ್ಣಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ನಾನು ಹಗಲು ಮಿನುಗಿಸುತ್ತೇನೆ. ಕತ್ತಲಾದ ಮೇಲೆ ಒಂದೇ ಸಮ ಉರಿಸುತ್ತೇನೆ.

ದೀಪ ದೂರದಿಂದಲೇ ಕಾಣಬೇಕು ಅನ್ನುವುದು ಸುಮ್ನೆ ಹೇಳುವ ಮಾತಲ್ಲ ಅಂತ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಬರುತ್ತದೆ. ನೋಡಿ, ಅರ್ಥಮಾಡಿಕೊಂಡು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್ ಅಂದುಕೊಳ್ಳಿ. 25 ಮೀಟರ್ ಹೋಯಿತು. ಬ್ರೇಕ್ ಹಿಡಿಯುವುದು ಆಮೇಲೆ. ರಸ್ತೆ ಒದ್ದೆ ಇದ್ದರೆ ಇನ್ನೂ ದೂರ ಬೇಕು. ಹಾಗಾಗಿ ನೂರು ಮೀಟರ್ ಆಚೆಯಿಂದಲೇ ನಾನಿರುವುದು ಅವನಿಗೆ ತಿಳಿದಿರಬೇಕು.

"ರಿಫ್ಲೆಕ್ಟರ್ ಇದೆಯಲ್ಲ, ಸಾಕು" ಅನ್ನುವವರಿದ್ದಾರೆ. ರಿಫ್ಲೆಕ್ಟರ್ ಬೇಕು, ಅದನ್ನು ಕಿತ್ತು ಬಿಸಾಡಬೇಡಿ. ಆದರೆ ಗಾಡಿಯ ಬೆಳಕು ಬಿದ್ದರೆ ಮಾತ್ರ ಅದು ಹೊಳೆಯುವುದು. ತಿರುವಿನಲ್ಲಿ ಹೆಡ್‌ಲೈಟ್ ತೋಟದ ಬೇಲಿಗೆ ಹೊಡೆಯುತ್ತಿರುತ್ತದೆ, ನನ್ನ ಮೇಲಲ್ಲ. ಮಂಜಿನಲ್ಲಂತೂ ಆ ಬೆಳಕು ಮಂಜನ್ನು ಎರಡು ಸಲ ದಾಟಬೇಕು, ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ. ನನ್ನದೇ ದೀಪದ ಬೆಳಕು ಒಂದೇ ಸಲ ದಾಟಿದರೆ ಸಾಕು.

ಮಂಜಿನ ಮಾತು ಬಂತು. ಕೆಂಪು ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಹೊಗೆ, ಸಣ್ಣ ಧೂಳಿನ ವಿಷಯದಲ್ಲಿ ಅದು ಸ್ವಲ್ಪ ನಿಜ. ಆದರೆ ಮಂಜಿನ ಹನಿಗಳು ಬೆಳಕಿನ ಅಲೆಗಿಂತ ತುಂಬಾ ದೊಡ್ಡವು, ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಥರ ಚದುರಿಸುತ್ತವೆ. ಕೆಂಪು ಬೇಕಾದದ್ದು ಅದು ಗಾಡಿಯ ಹಿಂಭಾಗ ಅಂತ ಡ್ರೈವರ್‌ಗೆ ತಿಳಿಯಲಿ ಅಂತ. ನೀಲಿ, ಹಸಿರು ದೀಪ ಕಟ್ಟಿಕೊಂಡು ಹೋಗುವ ಹುಡುಗರನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ.

ಕೊನೆಗೆ ಆ ಅಗಲ ಪಟ್ಟಿಯ ಥರದ್ದನ್ನೇ ಕೊಂಡೆ. ಕೊಳ್ಳುವಾಗ ನೀರಿನ ವಿಷಯ ಜಾಸ್ತಿ ನೋಡಿದೆ. ಐಪಿಎಕ್ಸ್ ಅನ್ನುವುದು ನೀರು ಎಷ್ಟು ತಡೆಯುತ್ತದೆ ಅನ್ನುವುದರ ಗುರುತು. ಐಪಿಎಕ್ಸ್4 ಅಂದರೆ ಸುತ್ತಲಿಂದ ಎರಚುವ ನೀರನ್ನು ತಡೆಯುತ್ತದೆ. ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯಬೇಕು. ಮಲೆನಾಡಿನ ಮಳೆಗಾಲಕ್ಕೆ ಎರಡನೆಯದೇ ಸರಿ. ಮೇಲಿನ ಮಳೆಗಿಂತ ನಮ್ಮದೇ ಚಕ್ರ ಎರಚುವ ಕೆಸರು ನೀರು ದೀಪಕ್ಕೆ ದೊಡ್ಡ ಶತ್ರು. ಹಾಗಾಗಿ ಯುಎಸ್‌ಬಿ ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಎಷ್ಟು ಬಿಗಿ ಇದೆ ಅಂತ ಬೆರಳಿನಿಂದ ಎಬ್ಬಿಸಿ ನೋಡಿ. ಒದ್ದೆ ಇರುವಾಗ ಚಾರ್ಜಿಗೆ ಹಾಕಬೇಡಿ. ಮಡ್‌ಗಾರ್ಡ್ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ.

ಕೂರಿಸುವ ಜಾಗವೂ ಮುಖ್ಯ. ಸೀಟಿನ ಕೆಳಗಿನ ಕಂಬಕ್ಕೆ ಕಟ್ಟಿದರೆ ರೇನ್‌ಕೋಟಿನ ಅಂಚು ಇಳಿಬಿದ್ದು ಮುಚ್ಚುತ್ತದೆ. ಆ ಕಂಬ ಹಿಂದಕ್ಕೆ ವಾಲಿರುವುದರಿಂದ ದೀಪ ನೆಲ ನೋಡುತ್ತದೆ, ಓರೆ ಸರಿಪಡಿಸುವ ರಬ್ಬರ್ ತುಂಡು ಇಲ್ಲದಿದ್ದರೆ ಅರ್ಧ ಬೆಳಕು ಡಾಂಬರಿಗೇ. ಕ್ಯಾರಿಯರ್ ಹಿಂತುದಿ ನನಗೆ ಸರಿಹೋಯಿತು. ಇಂಥ ದೀಪಗಳ ಬೋಲ್ಟ್ ತೂತುಗಳ ನಡುವಿನ ಅಂತರ ಸಾಮಾನ್ಯವಾಗಿ 50 ಅಥವಾ 80 ಮಿ.ಮೀ. ನಿಮ್ಮ ಕ್ಯಾರಿಯರ್ ಅಳೆದುಕೊಂಡೇ ಅಂಗಡಿಗೆ ಹೋಗಿ. ಚೀಲ ಕಟ್ಟಿದಾಗ ಮರೆಯಾಗುತ್ತದೆಯೇ ಅಂತಲೂ ನೋಡಿ.

ಹಿಂದಿನ ಗಾಡಿ ಬರುವುದನ್ನು ರೇಡಾರ್‌ನಿಂದ ಹಿಡಿದು ಹ್ಯಾಂಡಲ್ ಮೇಲೆ ತೋರಿಸುವ ಗಾರ್ಮಿನ್ ವೇರಿಯಾ ಥರದ ದೀಪಗಳೂ ಇವೆ. ಅವುಗಳಲ್ಲಿ ಹಲವು 140 ಮೀಟರ್ ದೂರದವರೆಗೆ ಹಿಡಿಯುತ್ತವೆ. ತಿರುವಿನ ಆಚೆ ಇರುವುದು ಅದಕ್ಕೂ ಕಾಣುವುದಿಲ್ಲ. ಬೆಲೆ ಕೇಳಿ ನಾನು ಕೈಮುಗಿದೆ.

ಉಳಿದ ದುಡ್ಡಿನಲ್ಲಿ ಎರಡು ಸಾಮಾನು ತಂದೆ. ಒಂದು, ಸೆಲ್ ಹಾಕುವ ಅಗ್ಗದ ಇನ್ನೊಂದು ದೀಪ. ಅದು ಚೀಲದಲ್ಲೇ ಇರುತ್ತದೆ, ದೊಡ್ಡದು ದಾರಿಯಲ್ಲಿ ಕೈಕೊಟ್ಟರೆ ಬೇಕು. ಇನ್ನೊಂದು, ಕಾಲಿನ ಗಿಣ್ಣಿಗೆ ಸುತ್ತುವ ಹೊಳೆಯುವ ಪಟ್ಟಿ. ಪೆಡಲ್ ತುಳಿದಂತೆ ಅದು ಮೇಲೆ ಕೆಳಗೆ ಆಡುತ್ತದೆ. ಬರೀ ಕೆಂಪು ದೀಪ ಕಂಡರೆ ಮುಂದಿರುವುದು ಬೈಕ್ ಅಂದುಕೊಂಡು ಅದೇ ವೇಗದ ಲೆಕ್ಕದಲ್ಲಿ ಬರುತ್ತೇವೆ ಅನ್ನುತ್ತಾರೆ ಪಿಕಪ್ ಅಣ್ಣ. ಪಟ್ಟಿ ಆಡುವುದು ಕಂಡರೆ ಸೈಕಲ್ ಅಂತ ತಿಳಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯುತ್ತಾರಂತೆ.