ಮೈಕ್ರೋಮೀಟರ್, ವರ್ನಿಯರ್: ಮಳೆಗಾಲದಲ್ಲಿ ಇಡುವ ಬಗೆ, ಕೊರಿಯರ್‌ನಲ್ಲಿ ಕಳಿಸುವ ಬಗೆ

ಸ್ಕ್ರೂ ತಿರುಗಿಸಿ ಮಿಲಿಮೀಟರಿನ ನೂರನೇ ಒಂದು ಭಾಗದವರೆಗೆ ಅಳೆಯುವ ಮೈಕ್ರೋಮೀಟರಿಗೆ ತುಕ್ಕು ಹತ್ತಲು ಕೈಬೆವರು ಸಾಕು. ಅಳೆಯುವ ನುಣುಪು ಮುಖದ ಮೇಲೆ ಬೆವರಿನ ಉಪ್ಪು ಉಳಿದರೆ, ಮಳೆಗಾಲದ ತೇವಕ್ಕೆ ಬೆರಳಚ್ಚಿನ ಆಕಾರದಲ್ಲೇ ಕಂದು ಕಲೆ ಏಳುತ್ತದೆ. ಮಂಗಳೂರು, ಕಾರವಾರದ ಕಡೆ ಕಡಲಗಾಳಿಯ ಉಪ್ಪೂ ಸೇರಿಕೊಳ್ಳುತ್ತದೆ.

ಕೆಲಸ ಮುಗಿದ ಕೂಡಲೇ ನೂಲು ಬಿಡದ ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಅಳೆಯುವ ಮುಖಗಳನ್ನು ಒರೆಸಿ. ಆರಿದ ಮೇಲೆ ಬಟ್ಟೆಗೆ ಒಂದೆರಡು ಹನಿ ತೆಳು ಎಣ್ಣೆ ಹಾಕಿ ಸವರಿ. ಎಣ್ಣೆ ಹನಿಯಾಗಿ ನಿಂತರೆ ಹೆಚ್ಚಾಯಿತು ಎಂದರ್ಥ. ಡಯಲ್ ಗೇಜಿನ (ಮುಳ್ಳು ತಿರುಗಿ ಅಳತೆ ತೋರಿಸುವ ಉಪಕರಣದ) ಪ್ಲಂಜರಿಗಂತೂ, ಅಂದರೆ ಒಳಗೆ ಹೊರಗೆ ಜಾರುವ ಕಡ್ಡಿಗಂತೂ, ಎಣ್ಣೆ ಮುಟ್ಟಿಸಲೇಬೇಡಿ. ದೂಳು ಸೇರಿ ಅಂಟಾಗಿ, ಮುಳ್ಳು ಸೊನ್ನೆಗೆ ಮರಳುವುದಿಲ್ಲ.

ಪೆಟ್ಟಿಗೆಯಲ್ಲಿಡುವಾಗ ಮೈಕ್ರೋಮೀಟರಿನ ಆನ್‌ವಿಲ್ (ಅಲುಗದ ಮುಖ) ಮತ್ತು ಸ್ಪಿಂಡಲ್ (ತಿರುಗಿಸಿದಾಗ ಮುಂದೆ ಬರುವ ಸರಳು) ನಡುವೆ ಸುಮಾರು 1 ಮಿ.ಮೀ. ಸಂದು ಬಿಡಿ, ಲಾಕ್ ಸಡಿಲಿಸಿ. ಮುಖಗಳು ಕೂಡಿಕೊಂಡಿದ್ದರೆ ನಡುವೆ ಸಿಕ್ಕಿದ ತೇವ ಆರುವುದಿಲ್ಲ. ದವಡೆ ಜಾರಿಸಿ ಅಳೆಯುವ ವರ್ನಿಯರಿನ ದವಡೆಗಳಿಗೂ ಇದೇ ಕ್ರಮ. ಒಂದಕ್ಕೊಂದು ಅಂಟಿಸಿ ಜೋಡಿಸಿದ ಸ್ಲಿಪ್ ಗೇಜುಗಳನ್ನು (ನಿಖರ ದಪ್ಪದ ಅಳತೆ ಬಿಲ್ಲೆಗಳನ್ನು) ಅಂದೇ ಬಿಡಿಸಿಡಿ. ಹಾಗೇ ಬಿಟ್ಟರೆ ಕಚ್ಚಿಕೊಳ್ಳುತ್ತವೆ. ಬಿಡಿಸುವಾಗ ಕೀಳಬೇಡಿ, ಪಕ್ಕಕ್ಕೆ ಜಾರಿಸಿ.

ಕಪಾಟಿನಲ್ಲಿ ಸಿಲಿಕಾ ಜೆಲ್ ಇರಲಿ. ನೀಲಿ ಹರಳು ಗುಲಾಬಿಗೆ ತಿರುಗಿತೆಂದರೆ ತೇವ ತುಂಬಿದೆ. ಹರಳುಗಳನ್ನು ತಟ್ಟೆಯಲ್ಲಿ ಹರವಿ ಸುಮಾರು 120 ಡಿಗ್ರಿಯಲ್ಲಿ ಮತ್ತೆ ನೀಲಿಯಾಗುವ ತನಕ ಒಣಗಿಸಿ. ಆ ನೀಲಿ ಕೋಬಾಲ್ಟ್ ಕ್ಲೋರೈಡಿನದು, ವಿಷ. ಅಡುಗೆಯ ಓವನ್ ಬಳಸಬೇಡಿ.

ಕ್ಯಾಲಿಬ್ರೇಷನ್‌ಗೆ (ಅಳತೆ ಸರಿಯಿದೆಯೇ ಎಂಬ ಪರೀಕ್ಷೆಗೆ) ಕಳಿಸುವಾಗ ಪೆಟ್ಟಿಗೆಯೊಳಗಿನ ಅಲುಗಾಟವೇ ದೊಡ್ಡ ಶತ್ರು. ಡಿಜಿಟಲ್ ಆದರೆ ಬ್ಯಾಟರಿ ತೆಗೆಯಿರಿ. ಉಪಕರಣಕ್ಕೆ ವಿಸಿಐ ಕಾಗದ (ತುಕ್ಕು ತಡೆಯುವ ಆವಿ ಬಿಡುವ ಕಾಗದ) ಸುತ್ತಿ ಪಾಲಿಥೀನ್ ಕವರಿನಲ್ಲಿ ಮುಚ್ಚಿ. ಕವರ್ ತೆರೆದಿದ್ದರೆ ಕಾಗದದ ಆವಿ ಹಾರಿಹೋಗುತ್ತದೆ, ತುಕ್ಕು ತಡೆಯುವುದು ಆ ಆವಿಯೇ. ಜೊತೆಗೆ ಹೋಗುವ ಸೆಟ್ಟಿಂಗ್ ರಾಡನ್ನು (ಸೊನ್ನೆ ಸರಿನೋಡಲು ಬಳಸುವ ನಿಗದಿತ ಉದ್ದದ ಸರಳನ್ನು) ಬೇರೆಯಾಗಿ ಸುತ್ತಿ, ಇಲ್ಲವಾದರೆ ದಾರಿಯುದ್ದಕ್ಕೂ ಉರುಳಾಡಿ ಮುಖಗಳಿಗೆ ಪೆಟ್ಟು ಕೊಡುತ್ತದೆ. ಪೆಟ್ಟಿಗೆಯ ಕೊಂಡಿಯ ಮೇಲೆ ಟೇಪ್ ಸುತ್ತಿ. ಆಮೇಲೆ 5 ಪದರದ ರಟ್ಟಿನ ಡಬ್ಬದಲ್ಲಿ ಆರೂ ಕಡೆ 5 ಸೆಂ.ಮೀ. ಬಬಲ್ ರ‍್ಯಾಪ್ ಇಟ್ಟು ಬಿಗಿಯಾಗಿ ತುಂಬಿ. ಥರ್ಮೋಕೋಲ್ ಉಂಡೆ ಬೇಡ: ಭಾರದ ವಸ್ತು ಅದರೊಳಗೆ ಇಳಿದು ತಳಕ್ಕೆ ಕೂರುತ್ತದೆ. ಮುಚ್ಚಿದ ಮೇಲೆ ಅಲ್ಲಾಡಿಸಿ ನೋಡಿ. ಸದ್ದು ಬಂದರೆ ಬಿಚ್ಚಿ ಮತ್ತೆ ತುಂಬಿ.

ಮರಳಿ ಬಂದ ಡಬ್ಬವನ್ನು ಕೂಡಲೇ ತೆರೆಯಬೇಡಿ. ತಣ್ಣಗಿರುವ ಲೋಹಕ್ಕೆ ಬಿಸಿ, ತೇವದ ಗಾಳಿ ತಾಗಿದರೆ ನೀರ ಹನಿ ಕೂರುತ್ತದೆ. ಒಂದು ರಾತ್ರಿ ಕೋಣೆಯಲ್ಲಿ ಬಿಟ್ಟು ತೆಗೆಯಿರಿ. ಅಳತೆಯ ಪ್ರಮಾಣ ತಾಪ 20 ಡಿಗ್ರಿ, 100 ಮಿ.ಮೀ. ಉಕ್ಕು 30 ಡಿಗ್ರಿಯಲ್ಲಿ ಸುಮಾರು 0.0115 ಮಿ.ಮೀ. ಉದ್ದವಾಗಿರುತ್ತದೆ, ಅಂದರೆ ಮೈಕ್ರೋಮೀಟರಿನ ಒಂದು ಗೆರೆಗಿಂತ (0.01 ಮಿ.ಮೀ.) ಹೆಚ್ಚು. ಹಾಗಾಗಿ ರಾಡ್ ಮತ್ತು ಮೈಕ್ರೋಮೀಟರ್ ಒಂದೇ ಮೇಜಿನ ಮೇಲೆ ಒಂದೇ ತಾಪಕ್ಕೆ ಬಂದ ಮೇಲೆಯೇ ಸೊನ್ನೆ ನೋಡಿ. ನಂತರ ಸ್ಲಿಪ್ ಗೇಜಿನಿಂದ ನಡುವಿನ ಎರಡು ಮೂರು ಅಳತೆ ಪರೀಕ್ಷಿಸಿ. ಸೊನ್ನೆ ಸರಿಯಿದ್ದು ನಡುವೆ ತಪ್ಪಿದರೆ ಸ್ಪಿಂಡಲ್ ಥ್ರೆಡ್ ಅಥವಾ ಮುಖಗಳ ಮೇಲೆ ಅನುಮಾನವಿರಲಿ. ಸೊನ್ನೆ ತಿರುಗಿಸಿ ಅದನ್ನು ಸರಿಮಾಡಲಾಗದು, ಸರ್ವಿಸ್‌ಗೆ ಕೊಡಿ.